ಬುಟ್ಟಿಯ ಕೆಳಗಿನ ಹೆಜ್ಜೆ

ಮೊನ್ನೆ ಮೊಮ್ಮಗಳು ಹುಲಿ ತೋರಿಸುತ್ತೇನೆಂದು ದೂರದ ಅಭಯಾರಣ್ಯಕ್ಕೆ ಕರೆದುಕೊಂಡು ಹೋಗಿದ್ದಳು. ಜೀಪಿನಲ್ಲಿ ಎರಡು ತಾಸು ಸುತ್ತಿದೆವು. ಹಕ್ಕಿಗಳು ಬೇಕಾದಷ್ಟು ಕಂಡವು, ಹುಲಿ ಕಾಣಲಿಲ್ಲ. ಮರಳುವಾಗ ದಾರಿಯ ಬದಿಗೆ ಒಂದು ಬಿದಿರು ಬುಟ್ಟಿ ಬೋರಲಾಗಿತ್ತು. ಅದನ್ನು ಕಂಡದ್ದೇ ಜೀಪು ನಿಲ್ಲಿಸಲು ಹೇಳಿದೆ. ಹುಡುಗಿಯಾಗಿದ್ದಾಗ ಇಂಥದೇ ಬುಟ್ಟಿಯನ್ನು ನಾನು ಎತ್ತಿದ್ದೆ...

ಆಗ ನಮ್ಮ ಕಡೆ ನಿಜಾಮನ ಆಳ್ವಿಕೆ. ಗಂಗಾವತಿಯ ನಮ್ಮ ಓಣಿಯಲ್ಲಿ ಒಬ್ಬ ಚಾಚಾ ಇದ್ದರು. ನಿಜಾಮನ ದೊಡ್ಡ ಅಧಿಕಾರಿ ಸಾಹೇಬರ ಶಿಕಾರಿಗೆಂದು ಕಾದಿಟ್ಟ ಗುಡ್ಡದ ಕಾಡಿಗೆ ಅವರು ಕಾವಲುಗಾರರು. ಹೊರಗಿನವರು ಆ ಕಾಡಿಗೆ ಕಾಲಿಡುವಂತಿರಲಿಲ್ಲ. ಆದರೆ ಅದರೊಳಗೆ ದುರ್ಗಮ್ಮನ ಸಣ್ಣ ಗುಡಿ ಇತ್ತು. ನನ್ನ ತಮ್ಮ ಜ್ವರದಲ್ಲಿ ಮಲಗಿದ್ದಾಗ ಅವ್ವ ಹರಕೆ ಹೊತ್ತಿದ್ದಳು: ಮಗ ಉಳಿದರೆ ಮಗಳ ಕೈಯಿಂದ ಅಮ್ಮನ ಅಂಗಳ ಗುಡಿಸಿ ರಂಗೋಲಿ ಹಾಕಿಸುತ್ತೇನೆ ಎಂದು. ತಮ್ಮ ಉಳಿದ. ಅವ್ವ ಕೇಳಿದಾಗ ಚಾಚಾ ಇಲ್ಲವೆನ್ನಲಿಲ್ಲ.

ಬೆಳಕು ಹರಿಯುವಾಗ ಅವ್ವ, ನಾನು ಅವರ ಹಿಂದೆ ಹೊರಟೆವು. ಕೆರೆಯಲ್ಲಿ ನಿಂತ ಕೊಕ್ಕರೆ, ಬಂಡೆಯ ಮೇಲಿನ ನವಿಲು, ಪೊದೆಯಿಂದ ಪುರ್ರನೆದ್ದ ಗೌಜಲಕ್ಕಿ, ಎಲ್ಲವನ್ನೂ ತೋರಿಸುತ್ತ ನಡೆದರು. ನಾನು ಹುಲಿ ಎಲ್ಲಿ, ಹುಲಿ ಎಲ್ಲಿ ಎಂದು ಜೀವ ತಿಂದೆ.

"ನಿನ್ನ ಬಾಯಿ ಕೇಳಿ ಅದು ಕೊಪ್ಪಳ ದಾಟಿ ಹೋಗೈತಿ" ಎಂದು ನಕ್ಕರು. "ಮೊದಲ ಹರಕಿ ಮುಗಸು ಬೇಟಿ. ಆಮ್ಯಾಲೆ ಒಂದು ತೋರಸ್ತೀನಿ."

ಹಳ್ಳದಿಂದ ಒಂದು ಕೊಡ ನೀರು ತಂದುಕೊಟ್ಟು, ಯಾರಾದರೂ ಬರುತ್ತಿದ್ದಾರೆಯೇ ನೋಡಲು ದಾರಿಯ ಕಡೆ ಹೋದರು. ಅಂಗಳದ ಅಂಚಿನಲ್ಲಿ ಒಂದು ಬುಟ್ಟಿ ಬೋರಲಾಗಿತ್ತು. ಯಾರೋ ಮರೆತದ್ದಿರಬೇಕೆಂದು ಎತ್ತಿಕೊಂಡೆ. ಗುಡಿಸಿದ ಎಲೆ ತುಂಬಲು ಅನುಕೂಲವಾಯಿತು. ಅವ್ವ ಸಗಣಿ ನೀರು ಹಾಕಿ ಸಾರಿಸಿದಳು. ನಾನು ರಂಗೋಲಿ ಬಿಡಿಸಿದೆ.

ಚಾಚಾ ಬಂದು, ಬಾ ಬೇಟಿ ಎನ್ನುತ್ತ ಕೈ ಚಾಚಿದವರು ಹಾಗೇ ನಿಂತುಬಿಟ್ಟರು...

ಆ ಬುಟ್ಟಿಯ ಕೆಳಗಿದ್ದದ್ದು ಹುಲಿಯ ಹೆಜ್ಜೆ. ಮೂರು ದಿನ ಅಲೆದು ಹುಡುಕಿದ್ದರಂತೆ. ಗಾಳಿಗೆ ಅಳಿಯದಿರಲೆಂದು ಬುಟ್ಟಿ ಮುಚ್ಚುವುದು ಕಾವಲುಗಾರರ ಪದ್ಧತಿ. ಅದನ್ನು ನೋಡಲೆಂದೇ ಮಧ್ಯಾಹ್ನ ಸಾಹೇಬರು ಬರುವವರಿದ್ದರು. ಹೆಜ್ಜೆ ಇಲ್ಲವೆಂದರೆ ಸುಳ್ಳು ಸುದ್ದಿ ಕಳಿಸಿದನೆಂದು ನೌಕರಿಯಿಂದ ತೆಗೆಯುತ್ತಿದ್ದರು.

ಅವ್ವ, "ನಾನ ಸಾಹೇಬರ ಕಾಲು ಹಿಡೀತೀನ್ರಿ ಅಣ್ಣಾರ" ಎಂದಳು.

"ನೀವು ಇಲ್ಲಿಗೆ ಬಂದೇ ಇಲ್ಲ ಅಕ್ಕಾರ. ಹೆಣ್ಮಕ್ಕಳನ್ನ ಕಚೇರಿ ಮೆಟ್ಲ ಹತ್ತಿಸಿ ನಾ ನೌಕರಿ ಉಳಿಸ್ಕೊಳ್ಳಲಾ?"

ಆಮೇಲೆ ಕುಕ್ಕರಗಾಲಲ್ಲಿ ಕೂತು, ನಾನು ತುಂಬಿಟ್ಟಿದ್ದ ಎಲೆಗಳನ್ನೇ ಒಂದೊಂದು ಹಿಡಿ ತೆಗೆದು ರಂಗೋಲಿಯ ಮೇಲೆ ಹರಡಿದರು. ಕಾಲಿನಿಂದ ಅಳಿಸಲಿಲ್ಲ.

ಹೆಜ್ಜೆ ಗಾಳಿಗೆ ಹೋಯಿತೆಂದು ಹೇಳಿದರಂತೆ. ಸಾಹೇಬರು ನಂಬಲಿಲ್ಲ, ಶಿಕಾರಿ ನಿಂತಿತು, ನೌಕರಿ ಹೋಯಿತು. ಸಂಬಂಧಿಕರಿದ್ದ ತಾವರಗೇರಾಕ್ಕೆ ಹೊರಡುವ ಮುನ್ನ ನಮ್ಮ ಬಾಗಿಲಿಗೆ ಬಂದು, ನನ್ನ ತಮ್ಮ ಈಗ ಊಟ ಮಾಡುತ್ತಾನೆಯೇ ಎಂದಷ್ಟೇ ಕೇಳಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಹೊರಗೆ ಬರಲಿಲ್ಲ. ತಾವರಗೇರಾ ಸಂತೆಯಲ್ಲಿ ಹಗ್ಗ ಮಾರುತ್ತಿದ್ದರೆಂದು ಕೇಳಿದ್ದೆವು. ನನ್ನ ಮದುವೆಯ ಹೊತ್ತಿಗೆ ತೀರಿಕೊಂಡಿದ್ದರು.

ತಮ್ಮ ಉಳಿದ, ಹುಲಿಯೂ ಉಳಿಯಿತು. ದೇವರ ಮುಂದೆ ಕೂತಾಗ ಎರಡನ್ನೂ ಅಮ್ಮನ ದಯೆಯೆಂದೇ ಎಣಿಸುತ್ತೇನೆ. ಅಷ್ಟಕ್ಕೆ ಎಣಿಕೆ ನಿಲ್ಲುತ್ತದೆ. ಒಬ್ಬರ ಅನ್ನ ನನ್ನ ಕಸಬರಿಗೆಗೆ ಹೋಯಿತಲ್ಲ...

ಮೊನ್ನೆ ಜೀಪಿನಲ್ಲಿ ಜೊತೆಗಿದ್ದ ಕಾವಲುಗಾರನನ್ನು ಕೇಳಿಕೊಂಡೆ. ಅವನು ಬುಟ್ಟಿ ಎತ್ತಿದ. ಮಣ್ಣಿನಲ್ಲಿ ನನ್ನ ಅಂಗೈಗಿಂತ ದೊಡ್ಡ ಹೆಜ್ಜೆ, ನಾಲ್ಕು ಬೆರಳು ಸ್ಪಷ್ಟವಾಗಿ ಮೂಡಿದ್ದವು. ಚಾಚಾ ತೋರಿಸಬೇಕೆಂದಿದ್ದದ್ದು ಇದೇ. ನೋಡಿದೆ ಎಂದು ಹೇಳಲು ಅವರಿಲ್ಲ.

ಬುಟ್ಟಿಯನ್ನು ನಾನೇ ಮುಚ್ಚಿದೆ.