ತೆಂಗಿನೆಣ್ಣೆ ಕಾಡಿಗೆಯ ಬಾಲ

ನನ್ನ ಮುಖ ಪಿಯುಸಿ ಮುಗಿಸಿದ ವರ್ಷ ಹೇಗಿತ್ತೋ ಇವತ್ತೂ ಹಾಗೇ ಇದೆ. ವಯಸ್ಸಿನ ಮಾತಲ್ಲ, ವಯಸ್ಸು ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ. ನಾನು ಹೇಳುತ್ತಿರುವುದು ಅಲಂಕಾರದ ವಿಷಯ. ಹಣೆಗೆ ವಿಭೂತಿ, ಅದರ ಕೆಳಗೆ ಕುಂಕುಮ, ಕೆನ್ನೆಗೆ ಪೌಡರು, ಕಣ್ಣಿಗೆ ಕಾಡಿಗೆ, ಆ ಕಾಡಿಗೆಗೆ ಕಣ್ಣಂಚಿನಿಂದ ಹುಬ್ಬಿನ ಕಡೆಗೆ ಏರುವ ಒಂದು ಬಾಲ. ಪೌಡರು ಗದ್ದಕ್ಕೆ ಬಂದು ನಿಲ್ಲುತ್ತದೆ. ಕುತ್ತಿಗೆ ಬೇರೆ ತಾಲ್ಲೂಕಿಗೆ ಸೇರಿದ್ದು. ಈ ನಡುವೆ ಫ್ಯಾಷನ್ನು ನಮ್ಮ ತಿಪಟೂರಿನ ಮೇಲೆ ಎಷ್ಟೋ ಸಲ ಹಾದುಹೋಯಿತು. ನಾನು ಆ ಬಸ್ಸು ಹತ್ತಲಿಲ್ಲ. ಈಗ ನೋಡಿದರೆ ಅದೇ ಊರೆಲ್ಲ ಸುತ್ತಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿದೆ. ಅದಕ್ಕೆ ‘ರೆಟ್ರೋ’ ಎಂದು ಹೆಸರಂತೆ.

ಕಾಡಿಗೆಯ ಬಾಲವನ್ನು ಸಿನಿಮಾದವರು ಕಂಡುಹಿಡಿದರು ಎಂದು ಲೋಕ ನಂಬಿದೆ. ನಂಬಲಿ. ನಮ್ಮ ಮನೆಯಲ್ಲಿ ಅದನ್ನು ಕಂಡುಹಿಡಿದವಳು ನೊಣವಿನಕೆರೆಯ ನನ್ನ ಚಿಕ್ಕಮ್ಮ ಗಿರಿಜೆ. ಬೇರೆ ಸೀಮೆಯವರು ಕಾಡಿಗೆಗೆ ಹರಳೆಣ್ಣೆಯನ್ನೋ ತುಪ್ಪವನ್ನೋ ಬಳಸುತ್ತಾರೆ. ನಮ್ಮವರಿಗೆ ತೆಂಗಿನೆಣ್ಣೆ ಬಿಟ್ಟು ಬೇರೆ ಯಾವುದರ ಮೇಲೂ ನಂಬಿಕೆಯಿಲ್ಲ. ತಲೆಗೆ ಅದೇ, ದೀಪಕ್ಕೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ದೀಪದ ಮೇಲೆ ಕಂಚಿನ ತಟ್ಟೆ ಬೋರಲು ಹಾಕಿ, ಹಿಡಿದ ಮಸಿಯನ್ನು ಕೆರೆದು, ಅದಕ್ಕೂ ತೆಂಗಿನೆಣ್ಣೆಯನ್ನೇ ಕಲೆಸಿ ಡಬ್ಬಿಗೆ ತುಂಬುತ್ತೇವೆ. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗಿ ಕಾಡಿಗೆ ಹೇಳಿದ ಮಾತು ಕೇಳುತ್ತದೆ. ಬೇಸಿಗೆಯಲ್ಲಿ ಕೆನ್ನೆಗೆ ಇಳಿಯುತ್ತದೆ. ತಪ್ಪು ಎಣ್ಣೆಯದೆಂದು ಎಲ್ಲರಿಗೂ ಗೊತ್ತು. ಆದರೆ ತೋಟದ ನಡುವೆ ನಿಂತು ತೆಂಗಿನ ಮೇಲೆ ದೂರು ಹೇಳುವ ಧೈರ್ಯ ಯಾರಿಗಿದೆ?

ಚಿಕ್ಕಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಸುಡುಬೇಸಿಗೆಯಲ್ಲಿ. ಹೊರಗೆ ನೆಂಟರು ಚಾಪೆಯ ಮೇಲೆ ಕೂತಾಗಿದೆ, ಒಳಗೆ ಕಾಡಿಗೆ ಕಣ್ಣಿನಿಂದ ಹೊರಟಾಗಿದೆ. ಒರೆಸಿದರೆ ಮುಖವೆಲ್ಲ ಕಪ್ಪು. ಚಿಕ್ಕಮ್ಮ ಪೊರಕೆಯಿಂದ ಒಂದು ತೆಂಗಿನಕಡ್ಡಿ ಮುರಿದು (ಹೊಸ ಪೊರಕೆ ಎಂದು ಕೊನೆಯವರೆಗೂ ಸಾಧಿಸಿದಳು), ತುದಿಗೆ ಹತ್ತಿ ಸುತ್ತಿ, ಇಳಿಯುತ್ತಿದ್ದ ಕಾಡಿಗೆಯನ್ನು ಮೇಲಕ್ಕೆ ಎಳೆದಳು. ಇನ್ನೊಂದು ಕಣ್ಣಿಗೂ ಹಾಗೇ ಮಾಡಿದಳು. ಗಂಡಿನ ತಾಯಿ, “ಹುಡ್ಗಿ ಕಣ್ಣು ಲಕ್ಷಣವಾಗೈತೆ ಕಣ್ರೀ” ಅಂದರಂತೆ. ಅಂದಿನಿಂದ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದೇ ಪಾಠ. ಕಾಡಿಗೆ ಇಳಿದರೆ ಒರೆಸಬಾರದು, ಮೇಲಕ್ಕೆ ಎಳೆಯಬೇಕು.

ಪಂಡಿತರು ಹೆಣ್ಣಿನ ಅಲಂಕಾರಗಳನ್ನು ಹದಿನಾರು ಎಂದು ಎಣಿಸಿ ಅಂಜನಕ್ಕೂ ಅದರಲ್ಲಿ ಜಾಗ ಕೊಟ್ಟಿದ್ದಾರೆ. ಹೊಯ್ಸಳರ ಗುಡಿಗಳಲ್ಲಿ ಕಲ್ಲಿನ ಹೆಂಗಸರ ಕಣ್ಣನ್ನು ನಾನು ಹತ್ತಿರ ಹೋಗಿ ಪರೀಕ್ಷಿಸಿದ್ದೇನೆ. ಅಲ್ಲೂ ಒಂದು ಗೆರೆ ಕಿವಿಯ ಕಡೆ ಹೊರಟಿದೆ. ಶಿಲ್ಪಿಯ ಹೆಂಡತಿ ನಮ್ಮ ಕಡೆಯವಳೇ ಇರಬೇಕು ಎಂಬುದು ನನ್ನ ಸಂಶೋಧನೆ. ಯಾವ ವಿಶ್ವವಿದ್ಯಾಲಯವೂ ಇನ್ನೂ ಅದನ್ನು ಕೇಳಿಕೊಂಡು ಬಂದಿಲ್ಲ.

ನನ್ನ ಮಗಳು ಚೈತ್ರಾಳಿಗೆ ಮಾತ್ರ ಈ ಬಾಲ ಕಂಡರೆ ಆಗುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ, “ಅಮ್ಮ, ಸ್ಕೂಲ್ ಮೀಟಿಂಗಿಗೆ ಬರೋವಾಗ ಆ ಬಾಲ ಒರೆಸ್ಕೊಂಡು ಬಾ, ಎಲ್ರೂ ನಗ್ತಾರೆ” ಅಂದಿದ್ದಳು. ನಾನು ಒರೆಸಲಿಲ್ಲ. ಅವಳು ನನಗೂ ತನಗೂ ಸಂಬಂಧವಿಲ್ಲದವಳಂತೆ ಮುಂದೆ ಮುಂದೆ ನಡೆದಳು. ಅವತ್ತು ನನಗೆ ನಿಜಕ್ಕೂ ನೋವಾಯಿತು. ಬಾಲ ಬಿಟ್ಟುಕೊಡಲಿಲ್ಲ ಎಂಬ ಹೆಮ್ಮೆ ಒಂದು ಕಡೆ, ಹೆತ್ತ ಮಗಳಿಗೇ ನನ್ನ ಮುಖ ನಾಚಿಕೆಯಾಯಿತಲ್ಲ ಎಂಬ ಸಂಕಟ ಇನ್ನೊಂದು ಕಡೆ. ಎರಡನ್ನೂ ಇಷ್ಟು ವರ್ಷ ಸಾಕಿಕೊಂಡು ಬಂದೆ.

ಹೋದ ಏಪ್ರಿಲ್‌ನಲ್ಲಿ ಅವಳ ಮದುವೆಯಾಯಿತು. ಆರತಕ್ಷತೆಗೆ ರೆಟ್ರೋ ಮೇಕಪ್ಪೇ ಬೇಕೆಂದು ತುಮಕೂರಿನಿಂದ ಒಬ್ಬ ಹುಡುಗಿಯನ್ನು ಕರೆಸಿದ್ದಳು. ಆ ಹುಡುಗಿ ಕೈಚಳಕದವಳು. ಎರಡು ಕಣ್ಣಿಗೂ ಸಪೂರವಾದ ಬಾಲ ಎಳೆದಳು. ಒಂದಕ್ಕೊಂದು ಕೂದಲಷ್ಟೂ ವ್ಯತ್ಯಾಸವಿಲ್ಲ. ಚೈತ್ರಾ ಕನ್ನಡಿಯಲ್ಲಿ ತುಂಬ ಹೊತ್ತು ನೋಡಿಕೊಂಡಳು.

“ಚೆನ್ನಾಗೈತೆ ಕಣ್ರೀ. ಆದ್ರೆ ನಮ್ಮಮ್ಮಂದು ಹಿಂಗಿರಲ್ಲ,” ಎಂದು ಅದನ್ನು ಒರೆಸಿ ನನ್ನ ಕಡೆ ತಿರುಗಿದಳು. “ಅಮ್ಮ, ನಿನ್ನ ಡಬ್ಬಿ ತಗೊಂಬಾ. ನೀನೇ ಎಳಿ.”

“ನಂಗೆ ಕಣ್ಣು ಸರಿಯಾಗಿ ಕಾಣಲ್ಲ ಕಣೇ. ಮದ್ವೆ ಮುಖ ಕೆಡಿಸ್ಬುಟ್ರೆ?”

“ಕೆಟ್ರೆ ಕೆಡ್ಲಿ ಬುಡು.”

ನನ್ನ ಕಣ್ಣಿಗೆ ನಾನು ಎಷ್ಟೋ ದಿನದಿಂದ ಅಂದಾಜಿನ ಮೇಲೆ ಎಳೆದುಕೊಳ್ಳುತ್ತಿದ್ದೇನೆ. ಕನ್ನಡಕ ಹಾಕಿದರೆ ಕಡ್ಡಿಗೆ ದಾರಿಯಿಲ್ಲ, ತೆಗೆದರೆ ಕಣ್ಣೇ ಕಾಣುವುದಿಲ್ಲ. ಇನ್ನೊಬ್ಬರ ಕಣ್ಣಿಗೆ ಎಳೆಯುವುದು ಅದೇ ಮೊದಲು. ಫ್ಯಾನು ಆರಿಸಿ, ಮಗಳ ಗದ್ದ ಹಿಡಿದು ಕೂತೆ. ಬಲಗಣ್ಣು ಹೇಗೋ ಸರಿಯಾಯಿತು. ಎಡಗಣ್ಣಿಗೆ ಬರುವಷ್ಟರಲ್ಲಿ ಏಪ್ರಿಲ್ ತನ್ನ ಬುದ್ಧಿ ತೋರಿಸಿತು, ಕಾಡಿಗೆ ಕೆನ್ನೆಗೆ ಹೊರಟಿತು. ಮೇಕಪ್ಪಿನ ಹುಡುಗಿ ಹತ್ತಿ ಹಿಡಿದು ಓಡಿಬಂದಳು.

“ಒರೆಸ್ಬ್ಯಾಡಿ,” ಎಂದೆವು ನಾನೂ ಮಗಳೂ ಒಟ್ಟಿಗೆ.

ಮೇಲಕ್ಕೆ ಎಳೆದೆ. ಎಡದ ಬಾಲ ಬಲದ್ದಕ್ಕಿಂತ ಉದ್ದವಾಯಿತು. ಚೈತ್ರಾ ಕನ್ನಡಿ ನೋಡಿ, “ಈಗ ಸರಿಯಾಯ್ತು” ಅಂದಳು. ಮೇಕಪ್ಪಿನ ಹುಡುಗಿ ನಕ್ಕು, ಮೊಬೈಲಿನಲ್ಲಿ ಆ ಕಣ್ಣಿನ ಫೋಟೋ ತೆಗೆದುಕೊಂಡಳು.

ವೇದಿಕೆಯ ಮೇಲೆ ಫೋಟೋದವನು ನನಗೆ, “ಅಮ್ಮಾರೇ, ಒಸಿ ಪಕ್ಕಕ್ಕೆ ಬನ್ನಿ, ಮದುಮಗಳ ಮುಖ ಒಂದೇ ತಗೀತೀನಿ” ಅಂದ. ಚೈತ್ರಾ ನನ್ನ ಕೈ ಬಿಡಲಿಲ್ಲ.

“ಇರ್ಲಿ ಕಣಣ್ಣ, ಅವ್ರೂ ಇರ್ಲಿ. ಈ ಮುಖ ನಮ್ಮಮ್ಮಂದೇ.”

ಆ ಫೋಟೋವನ್ನು ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. ನನ್ನ ಬಾಲ ಸ್ವಲ್ಪ ಅತಿಯಾಯಿತು, ಕಿವಿಯವರೆಗೂ ಹೋಗಿದೆ ಎನ್ನುತ್ತಾರೆ. ನಿಜವೇ. ವೇದಿಕೆಯ ಮೇಲೆ ಮಗಳು ಆ ಮಾತು ಆಡಿದ್ದೇ ತಡ, ನನ್ನ ಎರಡೂ ಕಣ್ಣಿನ ಕಾಡಿಗೆ ಇಳಿಯತೊಡಗಿತು. ಆ ಸಲ ಮಾತ್ರ ತಪ್ಪು ತೆಂಗಿನೆಣ್ಣೆಯದಲ್ಲ. ಅಷ್ಟು ಜನರ ಮುಂದೆ ಕಡ್ಡಿ ಎಲ್ಲಿ ಹುಡುಕಲಿ? ಕಿರುಬೆರಳಿನಿಂದಲೇ ಮೇಲಕ್ಕೆ ಎಳೆದುಕೊಂಡೆ.