ಅಕ್ಕನ ಅರ್ಧ ಮುಖ

ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡದ್ದು. ಎರಡನೆಯದು, ನಾನೊಬ್ಬ ಕಲಾವಿದೆ ಎಂದು ನಂಬಿದ್ದು. ಮನೆಯವರು ಮೊದಲನೆಯದನ್ನು ಮಾತ್ರ ಕ್ಷಮಿಸಿದರು.

ಆಗ ಅಕ್ಕನಿಗೆ ಗಂಡು ನೋಡುತ್ತಿದ್ದರು. ಮೂರು ಕಡೆಯವರು ಬಂದು, ಉಪ್ಪಿಟ್ಟು ತಿಂದು, 'ತಿಳಿಸ್ತೀವಿ' ಎಂದು ಹೋದವರು ತಿಳಿಸಿರಲೇ ಇಲ್ಲ. ಇನ್ನೊಂದು ಸಲ ಹೀಗಾದರೆ ನನಗೆ ಮದುವೆಯೇ ಬೇಡ ಎಂದು ಅಕ್ಕ ಹೇಳಿಬಿಟ್ಟಿದ್ದಳು. ಅವತ್ತಿನಿಂದ ಅಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಮದುವೆ ಬ್ರೋಕರ್ ಫೋಟೋ ಕೇಳಿದ. ಚನ್ನಪಟ್ಟಣದ ಸ್ಟುಡಿಯೋಗೆ ಹೋಗಿ ಬನ್ನಿ ಎಂದರು ಅಪ್ಪ. ಆ ಸ್ಟುಡಿಯೋ ನನಗೆ ಗೊತ್ತಿಲ್ಲವೇ! ಹಿಂದೆ ಬಣ್ಣ ಬಳಿದ ಜಲಪಾತ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಮುಖಕ್ಕೆ ಎರಡೂ ಕಡೆಯಿಂದ ದೀಪ. ಅಲ್ಲಿ ಯಾರು ಹೋಗಿ ಕೂತರೂ ಬೆದರಿದವರ ಹಾಗೆ ಬರುತ್ತಿದ್ದರು. "ನಾನೇ ತೆಗೀತೀನಿ" ಎಂದೆ.

ನಾವು ರೇಷ್ಮೆ ಹುಳ ಸಾಕುವ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಪಕ್ಕ, ಹುಳದ ತಟ್ಟೆಗಳ ನಡುವೆ ಅಕ್ಕನನ್ನು ನಿಲ್ಲಿಸಿದೆ. ಅಪ್ಪ ಹೊರಗಿನಿಂದಲೇ ಕೂಗಿದರು: "ಹುಳ ಜ್ವರಕ್ಕೆ ಕೂತವೆ ಕಣೇ. ಫ್ಲಾಷ್ ಗೀಷ್ ಹೊಡ್ದೀಯಾ, ಹುಷಾರ್!" ಪೊರೆ ಬಿಡುವ ಮುನ್ನ ಹುಳಗಳು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಫ್ಲಾಷ್ ಬೇಡವೆಂದದ್ದೇ ನನಗೆ ವರವಾಯಿತು. ಕಿಟಕಿಯ ಬೆಳಕು ಅಕ್ಕನ ಎಡಗೆನ್ನೆಯ ಮೇಲೆ ಬಿತ್ತು. ಬಲಗೆನ್ನೆ ಪೂರ್ತಿ ಕತ್ತಲು. ಆಹಾ, ಏನು ಚೆಂದ!

ಪ್ರಿಂಟ್ ಬಂದಾಗ ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಯ್ಯೋ, ಇನ್ನರ್ಧ ಎಲ್ಲೇ?" ಎಂದಳು.

"ಅದು ಆರ್ಟು ಕಣಮ್ಮ. ನಿಂಗೆ ಗೊತ್ತಾಗಲ್ಲ ಸುಮ್ಕಿರು."

ಫೋಟೋ ಹೊಂಗನೂರು, ಕನಕಪುರ ಎಲ್ಲಾ ಸುತ್ತಿತು. ಅದರ ಬೆನ್ನಿಗೇ ಸುದ್ದಿಯೂ ಸುತ್ತಿತು: ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವಾಗ ಬಿಸಿನೀರು ಎಗರಿ ಹುಡುಗಿಯ ಬಲಗೆನ್ನೆ ಬೆಂದಿದೆಯಂತೆ, ಅದಕ್ಕೇ ಕತ್ತಲಲ್ಲಿ ಮರೆಮಾಡಿದ್ದಾರಂತೆ! ನಾವು ಗೂಡು ಬೆಳೆದು ಮಾರುವವರು, ಜನ್ಮದಲ್ಲಿ ನೂಲು ಬಿಚ್ಚಿದವರಲ್ಲ. ಕೇಳುವವರು ಯಾರು? ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ನನ್ನ ಜಂಬಕ್ಕೆ ಅವಳ ಬಾಳು ಹಾಳಾಯಿತಲ್ಲ ಎಂದು ನಾನು ಬಚ್ಚಲಲ್ಲಿ ಕೂತು ಅತ್ತೆ.

ಅಷ್ಟರಲ್ಲಿ ಕಬ್ಬಾಳಿನ ಕಡೆಯವರೊಬ್ಬರು ಹುಡುಗಿ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ನಮಗೆ ನಂಬಲಾಗಲಿಲ್ಲ.

ಭಾನುವಾರ ಬೆಳಗ್ಗೆ ಗಂಡು, ಅವನ ತಾಯಿ ಬಂದರು. ಗಂಡು ಎಡಗೆನ್ನೆಯನ್ನು ಗೋಡೆಯ ಕಡೆಗೆ ಮಾಡಿಕೊಂಡು ಕುರ್ಚಿಯಲ್ಲಿ ಓರೆಯಾಗಿ ಕೂತ. ಪಾಪ, ನಾಚಿಕೆ ಎಂದುಕೊಂಡೆವು. ಅಕ್ಕ ಕಾಫಿ ತಂದಳು. ತಾಯಿ ಲೋಟಕ್ಕೆ ಕೈಯನ್ನೇ ಹಾಕಲಿಲ್ಲ.

"ಒಸಿ ಆ ಕಡೀಕೆ ತಿರುಗವ್ವ."

ಅಕ್ಕ ತಿರುಗಿದಳು.

"ಇನ್ನೊಸಿ. ಬೆಳಕಿಗೆ ಬಾ."

ಆಕೆ ತಮ್ಮ ಸೆರಗಿನ ತುದಿಯಿಂದ ಅಕ್ಕನ ಬಲಗೆನ್ನೆಯನ್ನು ಉಜ್ಜಿಯೇ ನೋಡಿದರು. ಪೌಡರ್ ಬಿಟ್ಟರೆ ಬೇರೇನೂ ಬರಲಿಲ್ಲ. "ಏನೂ ಆಗಿಲ್ವಲ್ಲಪ್ಪ ಈ ಮಗೀಗೆ!" ಎಂದು ಮಗನಿಗೆ ಹೇಳಿದರು. ಖುಷಿಪಡಬೇಕಾದ ಹೆಂಗಸಿನ ಮುಖ ಸಪ್ಪಗಾಗಿತ್ತು.

ಅಕ್ಕನಿಗೆ ರೇಗಿತು. "ನಿಮ್ಮ ಮಗನ್ಗೂ ಒಸಿ ಈ ಕಡೀಕೆ ತಿರುಗೋಕೆ ಹೇಳಿ" ಎಂದಳು. ಅಪ್ಪ ಕೆಮ್ಮಿದರು. ನಾನು ಅಡುಗೆಮನೆ ಬಾಗಿಲಲ್ಲಿ ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕೆ.

ಗಂಡು ನಿಧಾನವಾಗಿ ತಿರುಗಿದ. ಅವನ ಎಡಗೆನ್ನೆ ಕಿವಿಯವರೆಗೂ ಬೆಂದು ಸುಕ್ಕಾಗಿತ್ತು. ನನ್ನ ನಗು ಅಲ್ಲೇ ನಿಂತಿತು.

"ಫ್ಯಾಕ್ಟ್ರೀಲಿ ಹಬೆ ಹೊಡೀತು" ಎಂದ. "ನಿಮ್ಗೂ ಹಿಂಗೇ ಆಗೈತೆ ಅಂದ್ರು. ಅದ್ಕೇ ಧೈರ್ಯ ಮಾಡ್ಕಂಡು ಬಂದೆ. ಸರಿಹೋಗಲ್ಲ ಬುಡಿ, ನೀವು ಚೆನ್ನಾಗಿದೀರ." ಎದ್ದು ಚಪ್ಪಲಿಯ ಕಡೆಗೆ ಹೊರಟ.

ಅಕ್ಕ ಕಾಫಿ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಅಡ್ಡ ನಿಂತಳು.

"ಅರ್ಧ ಮುಖ ನೋಡಿ ಒಪ್ಕಂಡು ಬಂದೋರು, ಪೂರ್ತಿ ನೋಡಿ ಬ್ಯಾಡ ಅಂತೀರಲ್ಲ. ನಾನೇನು ಅಷ್ಟೊಂದು ಕೆಟ್ಟದಾಗಿದೀನಾ?"

ಅವನು ತಟ್ಟೆಯಿಂದ ಲೋಟ ತೆಗೆದುಕೊಂಡು, ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡು ಕೂತ.