ರೆಬಾಬಿಗೆ ಮುಖ ಮಾಡಿ

ಊರೆಲ್ಲ ಗೌರವದಿಂದ ಮೆಕ್ ಎನ್ನುವ ಕೆಲ್ಸೋಮಳ ಬಾಯಿಗೆ ಹೆದರದವರು ತುಂಪಾತಿನ ಕಡಲ ದಂಡೆಯಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಸಂತೆಯಲ್ಲಿ ಬುಡು ಮಾರುತ್ತಾಳೆ. ಉಪ್ಪು ಹಾಕಿ ಕೊಳೆಸಿದ ಆ ಮೀನಿನ ರಸವನ್ನು ಯಾರಾದರೂ ಮೂಸಿ ಮೂಗು ಮುರಿದರೋ, ಮುಗಿಯಿತು, ಅವರ ಮುತ್ತಜ್ಜಿಯವರೆಗೆ ಜಾಲಾಡಿಬಿಡುತ್ತಾಳೆ. ಹಾಡು ಕುಣಿತದ ಮಾಕ್ ಯೋಂಗ್ ಆಟವಿದ್ದ ದಿನ ಅದೇ ಹೆಂಗಸು ಕಿರೀಟ ಇಟ್ಟು ರಾಜನಾಗುತ್ತಾಳೆ. ನಮ್ಮಲ್ಲಿ ರಾಜನ ವೇಷ ಹೆಂಗಸರದೇ.

ಅವಳ ಗಂಡನಾಗಿದ್ದ ದೆರಿಸ್ ಮೇಳದ ರೆಬಾಬ್ ವಾದಕ. ಮೂರು ತಂತಿಯ ಆ ವಾದ್ಯದ ಮೇಲೆ ಅವನು ಕಮಾನು ಎಳೆದರೆ ಕೂತವರ ಕರುಳು ಕಿತ್ತು ಬರುತ್ತಿತ್ತು. ಮನುಷ್ಯ ಮಾತ್ರ ಸರಿಯಿಲ್ಲ. ಹೇಳದೆ ಕೇಳದೆ ಪಾಸಿರ್ ಮಾಸ್‌ನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ. ಸುದ್ದಿ ಕಿವಿಗೆ ಬಿದ್ದ ದಿನವೇ ಕೆಲ್ಸೋಮ್ ಅವನ ಲುಂಗಿ, ಚಾಪೆ, ದಿಂಬು ಎಲ್ಲವನ್ನೂ ಮೆಟ್ಟಿಲಿಂದ ಕೆಳಗೆಸೆದಳು. ತಲಾಖ್ ಕೊಡಿಸಿಕೊಂಡೇ ಬಿಟ್ಟಳು. ರೆಬಾಬನ್ನು ಮಾತ್ರ ಎಸೆಯಲಿಲ್ಲ. ಬಟ್ಟೆಯಲ್ಲಿ ಸುತ್ತಿ ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದಳು.

ಅಂದಿನಿಂದ ಅವನೊಡನೆ ಒಂದು ಮಾತಿಲ್ಲ. ಆದರೆ ಆಟವೆಂದರೆ ಆಟ. ಶುರುವಿನಲ್ಲಿ ಪಾತ್ರಧಾರಿಗಳೆಲ್ಲ ರೆಬಾಬಿಗೆ ಮುಖ ಮಾಡಿ ಕೂತು ಮೊದಲ ಹಾಡನ್ನು ಅದಕ್ಕೇ ಹಾಡಬೇಕು, ನೋಡುವವರಿಗೆ ಬೆನ್ನು ಕಂಡರೂ ಸರಿಯೇ. ಹಾಗೆ ಹಾಡದ ಆಟ ಅವಳ ಲೆಕ್ಕದಲ್ಲಿ ಆಟವೇ ಅಲ್ಲ. ಹೊಟ್ಟೆ ಧಗಧಗ ಉರಿಯುತ್ತಿದ್ದರೂ ವರ್ಷವರ್ಷವೂ ಅವನ ಮುಂದೆ ಕೂತು ಹಾಡಿದಳು.

ಆಮೇಲೆ ಕರೆಯುವವರೇ ಇಲ್ಲದೆ ಮೇಳ ಮೂಲೆ ಸೇರಿತು. ಈ ಸಲ ಕೋತಾ ಬಾರುವಿನ ಸಭಾಂಗಣಕ್ಕೆ ಕರೆ ಬಂದಾಗ ಕೆಲ್ಸೋಮ್ ಪೆಟ್ಟಿಗೆಯಿಂದ ಕಿರೀಟ ತೆಗೆದು ತಾನೇ ಉಜ್ಜಿದಳು. ಆಟದ ದಿನ ಮಧ್ಯಾಹ್ನ ಕಿರೀಟ ಇಟ್ಟುಕೊಂಡು ವೇದಿಕೆಗೆ ಬಂದು ನೋಡಿದರೆ ರೆಬಾಬಿನ ಜಾಗ ಖಾಲಿ.

"ಏನಯ್ಯಾ, ರೆಬಾಬ್ ಎಲ್ಲಿ?" ಎಂದು ಏರ್ಪಾಡು ಮಾಡಿದ್ದ ಹೈಕಲ್‌ನನ್ನು ಹಿಡಿದಳು.

"ಪರದೆ ಹಿಂದೆ ಇದಾರೆ ಮೆಕ್. ಮೈಕ್ ಇಟ್ಟಿದೀವಿ, ಚೆನ್ನಾಗಿ ಕೇಳ್ಸುತ್ತೆ. ನೀವು ಅತಿಥಿಗಳ ಕಡೆ ಮುಖ ಮಾಡಿ ಕೂತ್ಕೊಳ್ಳಿ."

"ಅತಿಥಿಗಳ ಮುಖಕ್ಕೆ ಹಾಡ್ಬೇಕಾ ನಾನು? ನಿನ್ನ ಮದುವೇಲೂ ಹೀಗೇ ಮಾಡು! ಹೆಣ್ಣನ್ನ ಪರದೆ ಹಿಂದೆ ಕೂರಿಸಿ ಮೈಕ್ ಇಡು. ಚೆನ್ನಾಗಿ ಕೇಳ್ಸುತ್ತೆ!"

"ಮೆಕ್, ಸ್ವಲ್ಪ ಕೇಳಿ..."

"ಏನು ಕೇಳೋದು ನಿನ್ನ ತಲೆ? ಮುದುಕ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ತಾನೇ? ಉಪ್ಪು ಹುಳಿ ತಿಂದ ಮನುಷ್ಯನೇನೋ ನೀನು?"

ಬೈಗುಳದ ಸುರಿಮಳೆಗೆ ಹೈಕಲ್ ಕೆಂಪಾದ, ಬೆವತ. ಕೊನೆಗೆ ತಡೆಯಲಾರದೆ ಕೂಗಿಬಿಟ್ಟ: "ನಾನಲ್ಲ ಮೆಕ್! ಅವರೇ ಕೇಳ್ಕೊಂಡಿದ್ದು. ನಿಮಗೆ ಹೇಳ್ಬೇಡ ಅಂತ ಕೈ ಹಿಡ್ಕೊಂಡ್ರು!"

ಕೆಲ್ಸೋಮ್ ಪರದೆ ಸರಿಸಿ ಒಳಗೆ ನುಗ್ಗಿದಳು. ದೆರಿಸ್ ಒಗೆದ ಅಂಗಿ ತೊಟ್ಟು ಚಾಪೆಯ ಮೇಲೆ ಕೂತಿದ್ದ. ಅವಳನ್ನು ಕಂಡದ್ದೇ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡ.

"ಹೇಡಿ!" ಎಂದಳು. ಇಷ್ಟು ವರ್ಷದ ಮೇಲೆ ಅವನಿಗೆ ಆಡಿದ ಮೊದಲ ಮಾತು ಅದು. "ತೆಗಿ, ಕೈ ತೋರ್ಸು!"

ತೋರಿಸಿದ. ಎರಡೂ ಗಡಗಡ ನಡುಗುತ್ತಿದ್ದವು.

"ಬೇರೆಯವ್ರು ಏನಾದ್ರೂ ಅಂದ್ಕೊಳ್ಳಲಿ ಸೋಮ್," ಎಂದ ನೆಲ ನೋಡುತ್ತ. "ನಿನ್ನ ಎದುರು ಕೂತು ತಪ್ಪು ನುಡಿಸೋಕೆ ನನ್ನ ಕೈಲಾಗಲ್ಲ. ನಾಚಿಕೆ ಆಗುತ್ತೆ."

"ಇನ್ನೊಬ್ಬಳನ್ನ ಕಟ್ಕೊಂಡಾಗ ಆಗ್ದಿದ್ದ ನಾಚಿಕೆ ಈಗ ಆಯ್ತಾ ನಿಂಗೆ? ಅವತ್ತು ನಿನ್ನ ಮುಖ ನೋಡಿದ್ರೆ ಉಗೀಬೇಕು ಅನ್ಸೋದು. ಆದ್ರೂ ಬಂದು ಎದುರಿಗೆ ಕೂತೆ. ಒಂದು ದಿನ, ಒಂದೇ ಒಂದು ದಿನ ನಾನು ಅಡಗಿ ಕೂತ್ನಾ? ಏಳು, ಬಾ ಆಚೆ!"

"ಬರಲ್ಲ," ಎಂದ ದೆರಿಸ್. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ಅವಳ ಸಿಟ್ಟು ಇನ್ನೂ ಏರಿತು. ಅಳುವ ಗಂಡಸನ್ನು ಬೈದು ಏನು ಸುಖ?

ಹೊರಗೆ ಅತಿಥಿಗಳು ಬಂದು ಕೂತ ಸದ್ದಾಯಿತು. ಕೆಲ್ಸೋಮ್ ತಲೆಯ ಮೇಲಿನ ಕಿರೀಟ ಸರಿ ಮಾಡಿಕೊಂಡು ಅಲ್ಲೇ, ಪರದೆಯ ಹಿಂದೆಯೇ, ಅವನೆದುರು ಕಾಲು ಮಡಚಿ ಕೂತಳು. ಅವಳನ್ನು ನೋಡಿ ಮೇಳದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಹಿಂದೆ ಕೂತರು.

ಹೈಕಲ್ ಓಡಿ ಬಂದ. "ಮೆಕ್, ವೇದಿಕೆ ಖಾಲಿ ಇದೆ! ಎಲ್ಲಾರೂ ನೋಡ್ತಿದಾರೆ!"

"ಇರ್ಲಿ. ಅಷ್ಟು ಬೇಜಾರಾದ್ರೆ ನೀನೇ ಹೋಗಿ ಕೂತ್ಕೋ."

ಆಮೇಲೆ ದೆರಿಸನ ಕಡೆ ತಿರುಗಿದಳು. "ಎಳಿ ಕಮಾನು. ನನ್ನ ಗಂಟಲೇನು ಹದಿನಾರರ ಹುಡುಗೀದಾ? ಎಳಿ ಅಂದ್ರೆ!"

ಅವನು ಎಳೆದ. ಕೈ ಜಾರಿ ತಂತಿ ಅಪಸ್ವರ ನುಡಿಯಿತು. ಕೆಲ್ಸೋಮ್ ಅವನ ಮುಖವನ್ನೇ ದುರುಗುಟ್ಟಿ ನೋಡುತ್ತ, ಆ ಅಪಸ್ವರದಲ್ಲೇ ಹಾಡು ಎತ್ತಿಕೊಂಡಳು.